ಟೆಂಪರ್ ಜಾಸ್ತಿ

ಒಗ್ಗರಣೆ ಹಾಕುವುದಕ್ಕೆ ಇಂಗ್ಲಿಷ್ ಅಡುಗೆ ವಿಡಿಯೋಗಳಲ್ಲಿ ‘ಟೆಂಪರಿಂಗ್’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಗು ಬಂತು. ಬಾಣಲೆಯಿಂದ ಮುಖಕ್ಕೇ ಸಿಡಿಯುವ ಸಾಸಿವೆಗೆ ಟೆಂಪರ್ ಜಾಸ್ತಿ ಅನ್ನುವುದೇನೋ ನಿಜ. ಆದರೆ ಸಂಯಮಕ್ಕೆ ಇರುವ ‘ಟೆಂಪರೆನ್ಸ್’ ಕೂಡ ಇದೇ ಮನೆಯ ಕೂಸು ಅಂತ ನಿಘಂಟು ಹೇಳಿತು. ಸಿಟ್ಟು, ಸಂಯಮ, ಒಗ್ಗರಣೆ ಮೂರಕ್ಕೂ ಒಂದೇ ತವರು!

ತವರು ಲ್ಯಾಟಿನ್. ‘ಟೆಂಪೆರಾರೆ’ ಅಂದರೆ ತಕ್ಕಷ್ಟು ಬೆರೆಸುವುದು, ಅತಿಯಾಗದ ಹಾಗೆ ನೋಡಿಕೊಳ್ಳುವುದು. ಹಳೆಯ ರೋಮನ್ನರು ವೈನಿಗೆ ನೀರು ಬೆರೆಸಿ ಕುಡಿಯುತ್ತಿದ್ದರು. ಹಸಿ ವೈನ್ ಕುಡಿಯುವವನು ಅವರ ಕಣ್ಣಿಗೆ ಒರಟ. ಮನಸ್ಸು ಹಿಡಿತದಲ್ಲಿರುವ ಗುಣಕ್ಕೆ ಗ್ರೀಕರು ‘ಸೊಫ್ರೊಸಿನೆ’ ಅನ್ನುತ್ತಿದ್ದರು. ಅದನ್ನು ಲ್ಯಾಟಿನ್ನಿಗೆ ತರಲು ಹೊರಟ ರೋಮಿನ ವಾಗ್ಮಿ, ಚಿಂತಕ ಸಿಸೆರೊಗೆ ಒಂದು ಪದ ಸಾಲಲಿಲ್ಲ. ‘ಟೆಂಪೆರಾಂಟಿಯಾ’ ಅಂದ, ‘ಮೊಡೆರಾಟಿಯೊ’ ಅಂದ, ‘ಮೊಡೆಸ್ಟಿಯಾ’ ಅಂತಲೂ ಅಂದ. ಭವಿಷ್ಯ ಹೇಳಲು ಬಳಸುವ ಟ್ಯಾರೋ ಚಿತ್ರದೆಲೆಗಳಲ್ಲಿ ಟೆಂಪರೆನ್ಸ್ ಇಂದಿಗೂ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಾ ನಿಂತಿದ್ದಾಳೆ. ಥೇಟ್ ಕಾಫಿ ಆರಿಸುವವರ ಹಾಗೆ.

ಪದಗಳಿಗೂ ಹದ ಕೆಡುತ್ತದೆ, ಅಲ್ವಾ? ‘ಟೆಂಪರ್’ ಅಂದರೆ ಮೊದಲು ಹದವಾಗಿ ಬೆರೆತ ಸ್ವಭಾವ. ಈಗ ‘ಅವನಿಗೆ ಟೆಂಪರ್’ ಅಂದರೆ ದೂರ ನಿಲ್ಲು ಅಂತ ಅರ್ಥ. ‘ಟೆಂಪರೆನ್ಸ್’ ಕಥೆ ಇನ್ನೂ ತಮಾಷೆ. 1826ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಅಮೆರಿಕನ್ ಟೆಂಪರೆನ್ಸ್ ಸೊಸೈಟಿ ಮೊದಲಿಗೆ ಬೇಡ ಅಂದಿದ್ದು ಭಟ್ಟಿ ಇಳಿಸಿದ ಮದ್ಯವನ್ನು ಮಾತ್ರ. ಬರಬರುತ್ತಾ ಚಳವಳಿ ಬಿಯರು, ವೈನನ್ನೂ ಬಿಡಲಿಲ್ಲ. 1920ರಿಂದ 1933ರವರೆಗೆ ಅಲ್ಲಿ ದೇಶವಿಡೀ ಪಾನನಿಷೇಧ. ಬೆರೆಸು ಅನ್ನುತ್ತಿದ್ದ ಪದ ಮುಟ್ಟಲೇಬೇಡ ಅನ್ನತೊಡಗಿತು. ಅದಕ್ಕೆ ಬೇರೆ ಪದ ಇತ್ತಲ್ಲ! ‘ಅಬ್‌ಸ್ಟಿನೆನ್ಸ್’, ಅಂದರೆ ದೂರ ಹಿಡಿ. ನಮ್ಮ ಸರ್ಕಾರದ ಮಂಡಳಿಯ ಹೆಸರಿನಲ್ಲಿ ‘ಮದ್ಯಪಾನ ನಿಷೇಧ’ ಇಲ್ಲ, ‘ಮದ್ಯಪಾನ ಸಂಯಮ’ ಇದೆ. ಇಟ್ಟವರು ಯಾರೋ, ಪದ ತೂಗಿಯೇ ಇಟ್ಟಿದ್ದಾರೆ.

ನನಗಂತೂ ‘ಟೆಂಪೆರಾರೆ’ಗೆ ಸಂಯಮಕ್ಕಿಂತ ‘ಹದ’ವೇ ಸರಿ ಅನ್ನಿಸುತ್ತದೆ. ಮಣ್ಣಿಗೆ, ಚರ್ಮಕ್ಕೆ, ಬೆಲ್ಲದ ಪಾಕಕ್ಕೆ, ದೋಸೆ ಹಿಟ್ಟಿಗೆ ಎಲ್ಲಕ್ಕೂ ಒಪ್ಪುವ ಪದ. ಮೊನ್ನೆ ಅಮ್ಮನನ್ನು ಕೇಳಿದೆ: “ಒಗ್ಗರಣೆ ಹದವಾಯ್ತು ಅಂತ ಹೇಗೆ ಗೊತ್ತಾಗುತ್ತೆ? ಎಷ್ಟು ನಿಮಿಷ?”

“ನಿಮಿಷ ಎಲ್ಲಿಂದ ಬಂತೋ? ಸಾಸಿವೆ ಸದ್ದು ನಿಲ್ಲುತ್ತೆ, ಆಗ ಒಲೆ ಆರಿಸಿ ಇಂಗು ಹಾಕು. ಫೋನ್ ಆ ಕಡೆ ಇಡು ಮೊದಲು.”