ಬೆಟ್ಟದಲ್ಲಿ ಸುರಂಗ ಹುಡುಕುವವರಿಗೆ ಒಂದು ಮಾತು

ನಂದಿ ಬೆಟ್ಟದಿಂದ ಶ್ರೀರಂಗಪಟ್ಟಣಕ್ಕೆ ಟಿಪ್ಪು ತೋಡಿಸಿದ ಗುಪ್ತ ಸುರಂಗ ಇದೆ ಅನ್ನೋ ಮಾತು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆದ ನಮಗೆಲ್ಲ ಗೊತ್ತು. ಈಗ ಅದೇ ಕಥೆ ರೀಲ್ಸ್‌ನಲ್ಲಿ ಓಡಾಡುತ್ತಿದೆ. ಹುಡುಗರು ಮೊಬೈಲ್ ಟಾರ್ಚ್ ಹಿಡಿದು ಸಿಕ್ಕ ಸಿಕ್ಕ ಗವಿಗೆ ನುಗ್ಗುತ್ತಿದ್ದಾರೆ. ಗವಿ ಹೊಗುವ ಆಸೆ ನನಗೂ ಜಾಸ್ತಿನೇ, ಅದಕ್ಕೇ ಬರೆಯುತ್ತಿದ್ದೇನೆ.

ಯುದ್ಧಕ್ಕೆ ಅಂತ ಬೆಟ್ಟ ಕೊರೆಯೋದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಜಿಬ್ರಾಲ್ಟರ್ ನೋಡಬೇಕು. ಸ್ಪೇನಿನ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ಸುಣ್ಣಕಲ್ಲಿನ ಬೆಟ್ಟ ಅದು. 1782ರಲ್ಲಿ ಸ್ಪೇನ್, ಫ್ರಾನ್ಸ್ ಸೇನೆಗಳು ಮುತ್ತಿಗೆ ಹಾಕಿದ್ದಾಗ ಒಳಗಿದ್ದ ಬ್ರಿಟಿಷರು ಸುತ್ತಿಗೆ, ಹಾರೆ, ಮದ್ದು ಇಟ್ಟುಕೊಂಡು ಸುರಂಗ ಶುರು ಮಾಡಿದರು. ಐದು ವಾರಕ್ಕೆ ಆಗಿದ್ದು ಸುಮಾರು 25 ಮೀಟರ್. ಮದ್ದಿನ ಹೊಗೆಗೆ ಉಸಿರುಗಟ್ಟಿ, ಗಾಳಿ ಬರಲಿ ಅಂತ ಪಕ್ಕಕ್ಕೆ ಒಂದು ಕಿಂಡಿ ಒಡೆದರು. ನೋಡಿದರೆ ಅಲ್ಲಿಂದ ಕೆಳಗಿನ ಶತ್ರು ಸರಿಯಾಗಿ ಗುರಿಗೆ ಸಿಗುತ್ತಿದ್ದ, ಫಿರಂಗಿಯನ್ನು ಅಲ್ಲೇ ಇಟ್ಟರು! ನಂದಿಯಿಂದ ಶ್ರೀರಂಗಪಟ್ಟಣ ನೇರ ಗೆರೆ ಎಳೆದರೂ ಸುಮಾರು 150 ಕಿಲೋಮೀಟರ್. ಒಂದೇ ಕಡೆಯಿಂದ ಆ ವೇಗದಲ್ಲಿ ಕೊರೆಯುತ್ತಾ ಹೋದರೆ 500 ವರ್ಷಕ್ಕೂ ಜಾಸ್ತಿ ಬೇಕು. ನಮ್ಮದು ಸುಣ್ಣಕಲ್ಲಿಗಿಂತ ಗಟ್ಟಿ ಬಂಡೆ ಬೇರೆ. 1791ರ ಅಕ್ಟೋಬರಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ನಂದಿ ಕೋಟೆ ಗೋಡೆ ಒಡೆದು ನುಗ್ಗಿತಲ್ಲ, ಮಕ್ಕಳಿಗೆ ಹೇಳಬೇಕಾದ ಕಥೆ ಅದು.

ಗುಪ್ತ ಕೋಣೆಗಳು ಇರಲ್ಲ ಅಂತಲ್ಲ. ಎರಡನೇ ಮಹಾಯುದ್ಧದಲ್ಲಿ ಜಿಬ್ರಾಲ್ಟರ್ ಶತ್ರುವಿನ ಪಾಲಾದರೆ ಆರು ಜನರನ್ನು ಬೆಟ್ಟದೊಳಗೆ ಇಟ್ಟು ಗೋಡೆ ಕಟ್ಟಿಬಿಡೋದು, ಅವರು ಕಿಂಡಿಯಲ್ಲಿ ಹಡಗು ನೋಡಿ ವೈರ್‌ಲೆಸ್‌ನಲ್ಲಿ ಸುದ್ದಿ ಕಳಿಸೋದು ಅಂತ ಬ್ರಿಟಿಷರ ಯೋಜನೆ ಇತ್ತು. ಅದನ್ನು ಬಳಸುವ ಪ್ರಸಂಗ ಬರಲೇ ಇಲ್ಲ. ಆ ಕೋಣೆ 1997ರಲ್ಲಿ ಸಿಕ್ಕಿತು. ಕಂಡುಹಿಡಿದವರು ಅಲ್ಲಿನ ಗವಿ ಶೋಧಕರ ಗುಂಪು. ಹಳೇ ಸುರಂಗದಲ್ಲಿ ಹುಡುಕುತ್ತಿದ್ದಾಗ ಗಾಳಿ ಬೀಸಬಾರದ ಕಡೆಯಿಂದ ಗಾಳಿ ಬಂತು, ಅದೇ ಸುಳಿವು. ಅದೇ ಬೆಟ್ಟದ ಬುಡದಲ್ಲಿ ಗೋರಮ್ಸ್ ಅನ್ನೋ ಸಮುದ್ರ ಗುಹೆ ಇದೆ. ನಿಯಾಂಡರ್ತಲ್ ಅನ್ನೋ ಆದಿಮಾನವರು ಅಲ್ಲಿ ಒಲೆ ಹಚ್ಚಿ ಬದುಕಿದ್ದರು. ವಿಜ್ಞಾನಿಗಳು ಮಣ್ಣನ್ನು ಪದರ ಪದರವಾಗಿ ಬಿಡಿಸಿದ್ದಕ್ಕೆ ಇದು ಗೊತ್ತಾಯಿತು, ಆ ಗುಹೆ 2016ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಯಾರೋ ನಿಧಿ ಆಸೆಗೆ ಒಂದು ರಾತ್ರಿ ಹಾರೆ ಹಾಕಿದ್ದರೆ ಆ ಒಲೆಯ ಬೂದಿ ಉಳಿಯುತ್ತಿತ್ತಾ?

ನಮ್ಮಲ್ಲಿ ಆಗುತ್ತಿರೋದು ಅದೇ. ನಿಧಿಗಳ್ಳರು ಹಳೇ ಗುಡಿಯ ಬಸವಣ್ಣನನ್ನೂ ಬಿಡಲ್ಲ. ಸುರಂಗದ ಕಥೆಗಳು ಅವರಿಗೆ ದಾರಿ ತೋರಿಸಿಕೊಡುತ್ತವೆ. ಇದಕ್ಕೆ ನನಗೆ ನಿಜವಾಗಿ ಸಿಟ್ಟಿದೆ.

ಕೋಲಾರದ ಅಂತರಗಂಗೆ ಬೆಟ್ಟಕ್ಕೇ ಹೋಗಿ. ಬಂಡೆ ಮೇಲೆ ಬಂಡೆ ಬಿದ್ದು ಆದ ಗವಿಗಳು. ಬ್ಯಾಗ್ ತೆಗೆದು ಮುಂದೆ ತಳ್ಳಿ, ಉಸಿರು ಬಿಟ್ಟು ಅಡ್ಡಕ್ಕೆ ತೂರಬೇಕು, ಕೆನ್ನೆಗೆ ತಣ್ಣನೆ ಕಲ್ಲು ತಾಗುತ್ತೆ. ಆದರೆ ದಾರಿ ಗೊತ್ತಿರುವ ಸ್ಥಳೀಯರ ಜೊತೆ ಹೋಗಿ, ಹಗಲಲ್ಲೇ ಹೋಗಿ. ತಲೆಗೆ ಹೆಲ್ಮೆಟ್, ಒಂದರ ಬದಲು ಎರಡು ಟಾರ್ಚ್, ಮನೆಯವರಿಗೆ ವಾಪಸ್ ಬರುವ ಸಮಯ ಹೇಳಿರಿ. ಬಾವಲಿ ಇದ್ದ ಕಡೆ ಹೊಗೆ ಹಾಕಬೇಡಿ, ಕಲ್ಲಿನ ಮೇಲೆ ಹೆಸರು ಬರೆಯಬೇಡಿ. ಕೈಲಾದರೆ ಒಂದು ನಕ್ಷೆ ಬರೆಯಿರಿ. ಯಾವ ಸಂದಿ ಎಲ್ಲಿಗೆ ತೆರೆಯುತ್ತೆ, ಎಲ್ಲಿ ನೀರು ಜಿನುಗುತ್ತೆ ಅಂತ ದನ ಮೇಯಿಸುವ ತಾತಂದಿರಿಗೆ ಗೊತ್ತು. ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡುವ ಕೆಲಸಕ್ಕೆ ಬರುವವರು ಯಾರಿದ್ದೀರಿ, ಹೇಳಿ.