ಸ್ಪಷ್ಟನೆ: ನಗರಸೇವಕರಿಗೆ ಸಂಬಳವೂ ಇಲ್ಲ, ಪಿಂಚಣಿಯೂ ಇಲ್ಲ

ಬೆಳಗಾವಿ ಮಹಾನಗರ ಪಾಲಿಕೆಯ ಸದಸ್ಯರು, ಅಂದರೆ ನಗರಸೇವಕರು, ತಮ್ಮ ಸಂಬಳವನ್ನು ತಾವೇ ಏರಿಸಿಕೊಂಡಿದ್ದಾರೆ, ಅವಧಿ ಮುಗಿದ ಮೇಲೆ ಪಿಂಚಣಿಯೂ ಸಿಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಪಾಲಿಕೆಯ 58 ವಾರ್ಡ್‌ಗಳ ಸದಸ್ಯರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಭತ್ಯೆ. ಹಣ ಪಾಲಿಕೆಯ ನಿಧಿಯದು. ಆದರೆ ಮೊತ್ತವನ್ನು ನಿಗದಿ ಮಾಡುವುದು ರಾಜ್ಯ ಸರ್ಕಾರ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆಯಡಿ ನಡೆಯುವ ವ್ಯವಸ್ಥೆ ಇದು. ಸಾಮಾನ್ಯ ಸಭೆ ಎಷ್ಟೇ ಮೇಜು ಕುಟ್ಟಿ ಠರಾವು ಮಾಡಿದರೂ ಅದು ಬೆಂಗಳೂರಿಗೆ ಹೋಗುವ ಬೇಡಿಕೆ ಮಾತ್ರ.

ತಮ್ಮ ವೇತನವನ್ನು ತಾವೇ ಮಸೂದೆ ಮಂಡಿಸಿ ಹೆಚ್ಚಿಸಿಕೊಳ್ಳುವವರು ಶಾಸಕರು. 2025ರ ಮಾರ್ಚ್‌ನಲ್ಲಿ ಆದದ್ದೂ ಅದೇ. ಪಿಂಚಣಿ ಇರುವುದೂ ಅವರಿಗೇ. ಶಾಸಕರ ಮೇಲಿನ ಸಿಟ್ಟನ್ನು ನಗರಸೇವಕರ ತಲೆಗೆ ಕಟ್ಟಬೇಡಿ. ನಗರಸೇವಕರನ್ನು ಪ್ರಶ್ನಿಸಲು ಚರಂಡಿ, ಕುಡಿಯುವ ನೀರು ಬೇಕಾದಷ್ಟಿವೆ.