ಆಸ್ತೆ, ಲೇಡೀಸ್!

ಈ ಸಲ ಓಡಾಟ ಬೇಡ, ಆರಾಮಾಗಿ ನೋಡ್ಕೊಂಡು ಬರೋಣ ಅಂತ ಹೇಳಿದ್ದು ನಾನೇ. ನಮ್ಮ ಮನೇಲಿ ಟೂರ್ ಅಂದ್ರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಪುಳಿಯೋಗರೆ ಕಟ್ಕೊಂಡು, ಒಂದೇ ದಿನಕ್ಕೆ ಬೇಲೂರು ಹಳೇಬೀಡು ಶ್ರವಣಬೆಳಗೊಳ ಮೂರೂ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು ಕಾಲಿಗೆ ಅಮೃತಾಂಜನ್ ಹಚ್ಕೊಳ್ಳೋದು. ಅದಕ್ಕೇ ಜನವರೀಲಿ ಐದು ದಿನ ರಜಾ ಹಾಕಿ, ಕಲ್ಕತ್ತಾ ಒಂದೇ ಊರು, ಬೇರೆ ಎಲ್ಲೂ ಇಲ್ಲ, ಅಂತ ಘೋಷಣೆ ಮಾಡ್ದೆ. ನಾನು, ನನ್ನ ಹೆಂಡತಿ, ಜೊತೆಗೆ ನಮ್ಮತ್ತೆ. ಅತ್ತೆಗೆ ಕನ್ನಡ ಬಿಟ್ರೆ ಬೇರೆ ಭಾಷೆ ಬರಲ್ಲ, ನನಗೆ ಹಿಂದಿ ಬರುತ್ತೆ ಅನ್ನೋ ಧೈರ್ಯದ ಮೇಲೆ ಹೊರಟಿದ್ದು. ಈ ಧೈರ್ಯ ಇದೆಯಲ್ಲ, ಅದು ಟ್ರೈನಲ್ಲಿ 30 ಗಂಟೆ ಮೇಲೆ ಚೆನ್ನಾಗೇ ಇತ್ತು, ಹೌರಾ ಸ್ಟೇಷನ್ನಲ್ಲಿ ಕಾಲಿಟ್ಟ ಹತ್ತನೇ ನಿಮಿಷಕ್ಕೆ ಕೈಕೊಡ್ತು.

ನಮ್ಮನ್ನ ಕರ್ಕೊಂಡು ಹೋಗೋಕೆ ನನ್ನ ಹಳೇ ಕಲೀಗ್ ಒಬ್ರು ಬರೋರಿದ್ರು, ಬಂಗಾಳಿ. ಫೋನಲ್ಲಿ "ಬಡೋ ಘೋಡಿ ಕೆಳಗೆ ನಿಂತಿರಿ" ಅಂದ್ರು. ಘೋಡಿ ಅಂದ್ರೆ ಹಿಂದೀಲಿ ಹೆಣ್ಣು ಕುದುರೆ. ಓಹೋ, ದೊಡ್ಡ ಕುದುರೆ ಸ್ಟ್ಯಾಚ್ಯೂ ಏನೋ ಇದೆ ಅಂತ ನಾನೇ ಅರ್ಥ ಮಾಡ್ಕೊಂಡು ಹೆಂಡತಿಗೂ ಅತ್ತೆಗೂ ವಿವರಿಸಿದೆ. ನಮ್ಮ ಟ್ರೈನ್ ಬಂದಿದ್ದು ಹೊಸ ಕಾಂಪ್ಲೆಕ್ಸಿಗೆ, ಅಲ್ಲಿ ಕುದುರೆ ಇಲ್ಲ ಕತ್ತೇನೂ ಇಲ್ಲ. ಒಬ್ಬ ಪೋರ್ಟರ್‌ನ ಕೇಳಿದ್ರೆ ಒಂದು ಸೆಕೆಂಡೂ ಯೋಚನೆ ಮಾಡ್ದೆ ಹಳೇ ಕಾಂಪ್ಲೆಕ್ಸ್ ಕಡೆ ಕೈ ತೋರಿಸಿದ. ಮೂರು ಬ್ಯಾಗು, ಒಂದು ರೊಟ್ಟಿ ಡಬ್ಬ, ಅತ್ತೆಯ ಮಂಡಿ ನೋವು, ಇಷ್ಟನ್ನೂ ಎಳ್ಕೊಂಡು ಅಲ್ಲಿಗೆ ಹೋಗಿ ಇಪ್ಪತ್ತು ನಿಮಿಷ ಕುದುರೆ ಹುಡುಕಿದ್ವಿ. ಫೋನಲ್ಲಿ ಅವರು "ನಾನು ಕೆಳಗೇ ಇದ್ದೀನಿ" ಅಂತಾರೆ, ನಾನು "ಸರ್ ಕುದುರೇನೇ ಕಾಣಿಸ್ತಿಲ್ಲ" ಅಂತೀನಿ, ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ ನಗು. ಬಂಗಾಳೀಲಿ ಘೋಡಿ ಅಂದ್ರೆ ಗಡಿಯಾರವಂತೆ. ತಲೆ ಎತ್ತಿ ನೋಡಿದ್ರೆ ನಾವು ನಿಂತಿರೋದೇ ಅದರ ಕೆಳಗೆ. ಎರಡು ಮುಖದ ಗಡಿಯಾರ ಅದು, ಅವರು ಆ ಮುಖದ ಕೆಳಗೆ, ನಾವು ಈ ಮುಖದ ಕೆಳಗೆ. ಊರಿನ ಅರ್ಧ ಜನ ಒಬ್ಬರನ್ನೊಬ್ಬರು ಭೇಟಿ ಮಾಡೋಕೆ ಇದೇ ಜಾಗ ಹೇಳೋದಂತೆ, ಅಲ್ಲಿ ನಿಂತು ಕುದುರೆ ಹುಡುಕಿದವರು ನಾವೇ ಮೊದಲು ಇರಬೇಕು.

ಅತ್ತೆ ಏನೂ ಅನ್ನಲಿಲ್ಲ. "ನಿಮ್ಮ ಹಿಂದಿ ಚೆನ್ನಾಗಿದೆ ಅಳಿಯಂದ್ರೇ" ಅಂದ್ರು ಅಷ್ಟೇ.

ಹೌರಾ ಬ್ರಿಜ್ ದಾಟ್ತಾ ಕಲೀಗ್ ಸಾಹೇಬ್ರು ಹೆಮ್ಮೆಯಿಂದ ಹೇಳಿದ್ರು, 1943ರಲ್ಲಿ ಓಪನ್ ಆಗಿದ್ದು, ನಟ್ಟು ಬೋಲ್ಟೇ ಇಲ್ಲ, ಪೂರ್ತಿ ರಿವೆಟ್ ಹೊಡೆದು ಕಟ್ಟಿದ್ದು ಅಂತ. ಅತ್ತೆ ಕಿಟಕಿ ಕಡೆ ಕೂತಿದ್ದವರು ಮೆಲ್ಲಗೆ ಮಧ್ಯಕ್ಕೆ ಸರಿದ್ರು. ಜನ ಪಾನ್ ತಿಂದು ಉಗುಳಿ ಉಗುಳಿ ಕಂಬದ ಬುಡದ ಕಬ್ಬಿಣವೇ ಸವೆದು ಹೋಗಿ ಆಮೇಲೆ ಅದಕ್ಕೆ ಫೈಬರ್ ಕವಚ ಹಾಕಿಸಿದ್ರಂತೆ, ಇದನ್ನ ಕೇಳಿದ ಮೇಲೆ ಅತ್ತೆ ಬ್ರಿಜ್ ಮುಗಿಯೋ ತನಕ ವಿಷ್ಣು ಸಹಸ್ರನಾಮ ಬಿಡಲಿಲ್ಲ. ಬ್ರಿಜ್ಜಿನ ಅಫೀಷಿಯಲ್ ಹೆಸರು ರವೀಂದ್ರ ಸೇತು, ಹಾಗಂತ ಯಾರೂ ಕರೆಯಲ್ಲ ಅಂತಾನೂ ಹೇಳಿದ್ರು. ಆ ಹೆಸರನ್ನ ನಾನು ಆಗಲೇ ಸೀರಿಯಸ್ಸಾಗಿ ತಗೋಬೇಕಿತ್ತು.

ಯಾಕಂದ್ರೆ ಮಾರನೇ ದಿನ ವಿಕ್ಟೋರಿಯಾ ಮೆಮೋರಿಯಲ್‌ಗೆ ಮೆಟ್ರೋದಲ್ಲಿ ಹೊರಟ್ವಿ. ದೇಶದ ಮೊದಲನೇ ಮೆಟ್ರೋ, 1984ರದ್ದು, ನಮ್ಮೂರಿಗೆ ಮೆಟ್ರೋ ಬರೋಕೆ ಇಪ್ಪತ್ತೇಳು ವರ್ಷ ಮುಂಚಿನದು. ಎಲ್ಲಿ ಇಳೀಬೇಕು ಅಂತ ರಾತ್ರಿ ನೋಡಿಟ್ಕೊಂಡಿದ್ದೆ, ರವೀಂದ್ರ ಏನೋ ಒಂದು. ಟ್ರೈನಲ್ಲಿ ರವೀಂದ್ರ ಸದನ್ ಅಂತ ಅನೌನ್ಸ್ ಆಯ್ತು, ಹೆಂಡತಿ ಎದ್ದಳು, ನಾನು ಕೈ ಹಿಡಿದು ಕೂರಿಸಿ, "ಸದನ್ ಅಂದ್ರೆ ನಮ್ಮ ರವೀಂದ್ರ ಕಲಾಕ್ಷೇತ್ರ ಇದೆಯಲ್ಲ ಆ ಥರ ನಾಟಕದ ಹಾಲ್ ಕಣೇ, ನಮ್ಮದು ಮುಂದೆ" ಅಂದೆ. ಹಾಲ್ ಅನ್ನೋದು ಸರಿಯಾಗೇ ಇತ್ತು, ಟಾಗೋರರ ಶತಮಾನೋತ್ಸವಕ್ಕೆ ಅಂತ ಎರಡೂ ಊರಲ್ಲೂ ಕಟ್ಟಿದ್ದೇ. ಇಳಿಯೋ ಜಾಗ ಮಾತ್ರ ಅದೇ ಆಗಿತ್ತು. ನಾನು ಇಳಿಸಿದ್ದು ನಾಲ್ಕು ಸ್ಟಾಪ್ ಮುಂದೆ, ರವೀಂದ್ರ ಸರೋಬರ್‌ನಲ್ಲಿ. ಮೇಲೆ ಬಂದು ಬಿಳೀ ಅಮೃತಶಿಲೆ ಗುಮ್ಮಟ ಹುಡುಕ್ತಾ ಹೋದ್ರೆ ಸಿಕ್ಕಿದ್ದು ಕೆರೆ. ಪಾಪ ಅತ್ತೆ, "ವಿಕ್ಟೋರಿಯಾ ರಾಣಿ ಇದರಲ್ಲೇ ಸ್ನಾನ ಮಾಡ್ತಿದ್ಲಾ?" ಅಂತ ನಿಜವಾಗ್ಲೂ ಕೇಳಿದ್ರು, ಹೆಂಡತಿ ನನ್ನ ಮುಖ ನೋಡಿದ್ಲು, ನಾನು ಮ್ಯಾಪ್ ನೋಡಿದೆ.

ಆದ್ರೆ ಕೆರೆ ಚೆನ್ನಾಗಿತ್ತು ಕಣ್ರೀ, ಸುಳ್ಳು ಹೇಳಬಾರದು. ಹುಡುಗರು ಉದ್ದುದ್ದ ತೆಳ್ಳಗಿನ ದೋಣಿಗಳಲ್ಲಿ ರೋಯಿಂಗ್ ಪ್ರಾಕ್ಟೀಸ್ ಮಾಡ್ತಿದ್ರು, ಹದಿನೆಂಟು ಡಿಗ್ರಿ ಬಿಸಿಲಲ್ಲಿ ಅಜ್ಜಂದಿರು ಮಂಕಿ ಕ್ಯಾಪು ಮಫ್ಲರು ಸ್ವೆಟರು ಮೂರೂ ಹಾಕ್ಕೊಂಡು ಹಿಮಾಲಯಕ್ಕೆ ಹೊರಟವರ ಥರ ವಾಕಿಂಗ್ ಮಾಡ್ತಿದ್ರು. ಅತ್ತೆ ಬೆಂಚ್ ಮೇಲೆ ಕೂತು ಮಂಡಿ ನೀವ್ಕೊಳ್ತಾ ಒಂದು ಗಂಟೆ ಏಳಲೇ ಇಲ್ಲ. ಅಲ್ಲಿಂದ ಲೇಕ್ ಮಾರ್ಕೆಟ್ ಹತ್ತಿರ, ಹಿಂದಿನಿಂದ ದಕ್ಷಿಣದವರು ನೆಲೆಸಿರೋ ಏರಿಯಾ, ನಡ್ಕೊಂಡೇ ಹೋದ್ವಿ, ಕರಿಬೇವಿನ ಕಟ್ಟು ಕಂಡ ತಕ್ಷಣ ಅತ್ತೆ ಕಳೆದುಹೋದ ಮಗು ಸಿಕ್ಕ ಹಾಗೆ ಎತ್ಕೊಂಡು ಮೂಸಿದ್ರು. ಹೋಟೆಲ್ ರೂಮಲ್ಲಿ ಕರಿಬೇವು ಇಟ್ಕೊಂಡು ಏನ್ಮಾಡ್ತೀರಿ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

ಮಧ್ಯಾಹ್ನ ಕೊನೆಗೂ ವಿಕ್ಟೋರಿಯಾ ಮುಟ್ಟಿದ್ರೆ ಸೋಮವಾರ, ಒಳಗೆ ಮ್ಯೂಸಿಯಂ ಬಂದ್. ಜಾದೂಘರ್ ಅಂತ ಕರೆಯೋ ಇಂಡಿಯನ್ ಮ್ಯೂಸಿಯಮ್ಮೂ ಸೋಮವಾರ ಬಂದ್. ಸಲೂನ್‌ಗೆ ಮಂಗಳವಾರ ರಜಾ ಅನ್ನೋದು ನೆನಪಿರೋ ತಲೇಲಿ ಮ್ಯೂಸಿಯಂಗೆ ಸೋಮವಾರ ರಜಾ ಅನ್ನೋದು ಯಾಕೆ ನಿಲ್ಲಲ್ವೋ. ತೋಟದಲ್ಲಿ ಓಡಾಡ್ಕೊಂಡು, ತಾಜ್ ಮಹಲಿಗೆ ಕಲ್ಲು ತಂದಿದ್ದ ರಾಜಸ್ಥಾನದ ಮಕ್ರಾನಾದಿಂದಲೇ ಇದಕ್ಕೂ ತಂದ ಅಮೃತಶಿಲೆಯನ್ನ ಹೊರಗಿಂದ ಮುಟ್ಟಿ ನೋಡಿ ವಾಪಸ್ ಬಂದ್ವಿ. ಗುಮ್ಮಟದ ತುದೀಲಿ ಒಬ್ಬ ಕಪ್ಪು ದೇವತೆ ತುತ್ತೂರಿ ಹಿಡ್ಕೊಂಡು ನಿಂತಿದ್ದಾಳೆ, ಜೋರು ಗಾಳಿ ಬಂದ್ರೆ ತಿರುಗ್ತಾಳಂತೆ. ಅವತ್ತು ಗಾಳಿ ಇರಲಿಲ್ಲ. ಅದಕ್ಕೂ ಸೋಮವಾರ ರಜಾ ಇರಬಹುದು ಅಂದ್ಲು ನನ್ನ ಹೆಂಡತಿ.

ಊಟದ ವಿಷಯ ಹೇಳ್ದಿದ್ರೆ ಅತ್ತೆ ನನ್ನನ್ನ ಕ್ಷಮಿಸಲ್ಲ. ಒಂದು ಸಣ್ಣ ಹೋಟೆಲಲ್ಲಿ ಅನ್ನ, ದಾಲ್ ಅಂತ ಹೇಳ್ದೆ. ವೆಜ್ ಅಂತ ಬೇರೆ ಹೇಳ್ಬೇಕಾ, ಬೇಳೆ ತಾನೇ ಅನ್ಕೊಂಡೆ. ಬಂತು, ಘಮಘಮ ಅಂತಿತ್ತು, ತುಪ್ಪ, ಲವಂಗದೆಲೆ, ಹೆಸರುಬೇಳೆ ಹುರಿದ ವಾಸನೆ, ಅತ್ತೆ ಸೌಟಲ್ಲಿ ಒಂದ್ಸಲ ತಿರುವಿದ್ರು, ಬೇಳೆ ಒಳಗಿಂದ ಒಂದು ಕಣ್ಣು ಅತ್ತೇನ ನೋಡ್ತು. ಮೀನಿನ ತಲೆ ಹಾಕಿದ ದಾಲ್ ಅಲ್ಲಿ ಬೀಗರಿಗೆ ಮಾಡೋ ಅಂಥ ಸ್ಪೆಷಲ್ ಐಟಮ್ಮಂತೆ, ನಾವು ಹೊರಗಿನವರು ಅಂತ ಪ್ರೀತಿಯಿಂದ ದೊಡ್ಡ ತಲೇನೇ ಹುಡುಕಿ ಹಾಕಿದ್ರಂತೆ. ನಾನು ಸಪ್ಲೈಯರ್‌ನ "ದಾದಾ, ದಾದಾ" ಅಂತ ಕರೆದು ವಾಪಸ್ ಕೊಡೋದಕ್ಕೆ ಶುರು ಮಾಡಿದ್ರೆ ಅತ್ತೆ ನನ್ನ ತೋಳು ಹಿಡ್ಕೊಂಡು "ಬೇಡ, ಬಿಡಿ, ದಾದಾ ಗೀದಾ ಅಂತ ಗಲಾಟೆ ಬೇಡ, ದುಡ್ಡು ಕೊಟ್ಟು ಹೋಗೋಣ" ಅಂತ ನಡುಗ್ತಿದಾರೆ. ಎರಡು ದಿನದಿಂದ ನಾನು ಟ್ಯಾಕ್ಸಿಯವನಿಗೂ ದಾದಾ, ಟೀ ಅಂಗಡಿಯವನಿಗೂ ದಾದಾ, ಟಿಕೆಟ್ ಕೌಂಟರಲ್ಲೂ ದಾದಾ ಅಂತಿದ್ದಿದ್ದು ಕೇಳಿ, ಈ ಊರು ಪೂರ್ತಿ ರೌಡಿಗಳದ್ದೇ, ಅಳಿಯ ಎಲ್ಲರಿಗೂ ಸಲಾಂ ಹೊಡ್ಕೊಂಡು ನಮ್ಮನ್ನ ಕಾಪಾಡ್ತಿದಾನೆ ಅಂತ ಅನ್ಕೊಂಡಿದ್ರಂತೆ. ಇಲ್ಲಿ ದಾದಾ ಅಂದ್ರೆ ಅಣ್ಣ ಅಂತ ಹೇಳಿದ ಮೇಲೆ, ನನ್ನ ಬಗ್ಗೆ ಇದ್ದ ಆ ಸ್ವಲ್ಪ ಗೌರವವೂ ಹೋಯ್ತು.

ಬುಧವಾರ ದಕ್ಷಿಣೇಶ್ವರ, ಬೇಲೂರು ಮಠ. ಹಿಂದಿನ ರಾತ್ರಿ "ನಾಳೆ ಬೇಲೂರಿಗೆ" ಅಂದಿದ್ದಕ್ಕೆ ಅತ್ತೆ ಹಾಸಿಗೆ ಮೇಲೆ ಎದ್ದು ಕೂತ್ರು. "ಬೇಲೂರು ನೋಡೋಕೆ ಕಲ್ಕತ್ತಾಕ್ಕೆ ಬರಬೇಕಿತ್ತಾ? ಹಾಸನಕ್ಕೆ ಬಸ್ ಇರಲಿಲ್ವಾ?" ಇದು ಚೆನ್ನಕೇಶವನ ಬೇಲೂರಲ್ಲ, ವಿವೇಕಾನಂದರು ಕಟ್ಟಿದ ಮಠ, ನಮ್ಮ ಕುವೆಂಪು ಅವರು ಸ್ವಾಮಿ ಶಿವಾನಂದರಿಂದ ದೀಕ್ಷೆ ತಗೊಂಡಿದ್ದು ಇಲ್ಲೇ ಅಂದೆ. ಸಮಾಧಾನ ಆಯ್ತು. ರಾಣಿ ರಾಸಮಣಿ 1855ರಲ್ಲಿ ಕಟ್ಟಿಸಿದ ಕಾಳಿ ಗುಡೀಲಿ ಕ್ಯೂ ನಿಂತು, ಅಲ್ಲಿಂದ ದೋಣೀಲಿ ಗಂಗೆ ಮೇಲೆ ಆರಾಮಾಗಿ ತೇಲ್ಕೊಂಡು ಮಠಕ್ಕೆ ಬಂದ್ರೆ, ಮಧ್ಯಾಹ್ನ, ಬಾಗಿಲು ಹಾಕಿದೆ. ಇನ್ನು ಸಂಜೆ ಹತ್ತಿರವೇ ತೆಗೆಯೋದು. ಅಲ್ಲೇ ನದಿ ನೋಡ್ತಾ ಮೂರು ಗಂಟೆ ಕೂತ್ವಿ, ಆರಾಮ್ ಟೂರ್ ಅನ್ನೋದು ಕೊನೆಗೂ ಶುರುವಾಗಿದ್ದು ಅಲ್ಲಿ ಅಂತ ಕಾಣುತ್ತೆ, ನನ್ನ ಪ್ಲಾನಿಂದಲ್ಲ, ಬಾಗಿಲು ಹಾಕಿದ್ರಿಂದ.

ವಾಪಸ್ ಬರೋವಾಗ ಮಿನಿ ಬಸ್. ನೂಕುನುಗ್ಗಲು. ನಮ್ಮ ಸ್ಟಾಪಲ್ಲಿ ಅತ್ತೆ ಬಾಗಿಲ ಹತ್ರ ಬಂದ ತಕ್ಷಣ ಕಂಡಕ್ಟರ್ ಬಸ್ಸಿನ ತಗಡಿಗೆ ದಬದಬ ಬಡಿದು "ಆಸ್ತೆ, ಲೇಡೀಸ್!" ಅಂತ ಕೂಗಿದ. ಆಸ್ತೆ ಅಂದ್ರೆ ನಿಧಾನ, ಲೇಡೀಸ್ ಇಳೀತಿದಾರೆ, ಸ್ಲೋ ಮಾಡು ಅಂತ ಡ್ರೈವರ್‌ಗೆ ಹೇಳೋದು. ಅತ್ತೆ ಕೆಳಗೆ ಇಳಿದು, ಸೆರಗು ಸರಿ ಮಾಡ್ಕೊಂಡು, ಮಗಳಿಗೆ ಹೇಳಿದ್ರು, "ಕೇಳ್ದೇನೇ? ಆಸ್ತಿ ಲೇಡೀಸ್‌ದು ಅಂತೆ. ಇಲ್ಲಿ ಕಂಡಕ್ಟರ್‌ಗೂ ಗೊತ್ತಿದೆ, ನಿಮ್ಮಪ್ಪನಿಗೆ ಇವತ್ತಿಗೂ ಗೊತ್ತಾಗಲಿಲ್ಲ." ಆ ಸಂಜೆ ಪೂರ್ತಿ ಫೋನಲ್ಲಿ ಮಾವನವರ ಜೊತೆ ಇದೇ ಚರ್ಚೆ, ದೇವನಹಳ್ಳಿ ಸೈಟ್ ಯಾರ ಹೆಸರಲ್ಲಿದೆ ಅಂತ. ನಾನು ಅರ್ಥ ಬಿಡಿಸಿ ಹೇಳೋ ಗೋಜಿಗೆ ಹೋಗ್ಲಿಲ್ಲ, ಮಾವನವರು ನನಗೆ ಕಳೆದ ದೀಪಾವಳೀಲಿ ವಾಚ್ ಕೊಡ್ತೀನಿ ಅಂದು ಪ್ಯಾಂಟ್ ಪೀಸ್ ಕೊಟ್ಟಿದ್ರು.

ಕುಮೊರ್‌ಟುಲಿಗೆ ಹೋಗಿದ್ದು ಗುರುವಾರ. ದುರ್ಗಾ ಪೂಜೆಯ ಮೂರ್ತಿಗಳು ತಯಾರಾಗೋ ಕುಂಬಾರರ ಓಣಿ, ಆದ್ರೆ ಜನವರೀಲಿ ಎಲ್ಲಾ ಕಡೆ ಸರಸ್ವತಿ, ವಸಂತ ಪಂಚಮಿ ಹತ್ರ ಬಂದಿತ್ತಲ್ಲ. ಬಿದಿರಿಗೆ ಹುಲ್ಲು ಸುತ್ತಿ, ಸುತ್ತಲೂ ಹುರಿ ಬಿಗಿದು, ಅದರ ಮೇಲೆ ಗಂಗೆ ಮಣ್ಣು ಮೆತ್ತಿ, ಬೂದು ಬಣ್ಣದ ಸರಸ್ವತಿಯರು ಸಾಲಾಗಿ ನಿಂತಿದ್ರು, ಒಬ್ಬರಿಗೂ ತಲೆ ಇಲ್ಲ. ತಲೆಗಳು ಬೇರೆ ಹಲಗೆ ಮೇಲೆ ಒಣಗ್ತಾ ಇದ್ವು, ಕಣ್ಣು ಇನ್ನೂ ಬರೆದಿಲ್ಲ, ಮೂಗು ಮಾತ್ರ ಚೂಪಾಗಿ. ಅತ್ತೆಗೆ ಯಾವುದಕ್ಕೆ ಕೈ ಮುಗಿಯೋದು ಅಂತ ಗೊತ್ತಾಗದೆ ಮೊದಲು ಹಲಗೆಗೆ, ಆಮೇಲೆ ಮೈಗೆ, ಕಂತಲ್ಲಿ ನಮಸ್ಕಾರ ಮಾಡಿದ್ರು. ಒಬ್ಬ ಅಜ್ಜ ಸಣ್ಣ ಕಡ್ಡೀಲಿ ವೀಣೆ ಹಿಡಿಯೋ ಬೆರಳುಗಳನ್ನ ಒಂದೊಂದಾಗಿ ಕೂರಿಸ್ತಿದ್ದ, ಪ್ರತಿ ಬೆರಳಿಗೂ ಒದ್ದೆ ಬಟ್ಟೆ ಚೂರು ಸುತ್ತಿ, ಉಗುರಿನ ಗೆರೆ ಎಳೆದು. ಅದನ್ನ ಹತ್ತಿರದಿಂದ ಫೋಟೋ ತೆಗೆಯೋಕೆ ನಾನು ಹಿಂದಕ್ಕೊಂದು ಹೆಜ್ಜೆ ಇಟ್ಟೆ. ಹಿಂದೆ ಹಂಸ ಇತ್ತು. ಹಸಿ ಹಂಸ. ಅಜ್ಜ ಬಯ್ಯಲಿಲ್ಲ, ಕೊಕ್ಕನ್ನ ಹೆಬ್ಬೆರಳಲ್ಲಿ ಒತ್ತಿ ನೆಟ್ಟಗೆ ಮಾಡಿ, ನನ್ನ ಪ್ಯಾಂಟ್ ಹಿಂಭಾಗ ತೋರಿಸಿ ನಕ್ಕ. ಮಾವನವರ ಪ್ಯಾಂಟ್ ಪೀಸ್ ಅದು. ಇಡೀ ದಿನ ಸರಸ್ವತಿ ವಾಹನದ ಅಚ್ಚು ಹೊತ್ಕೊಂಡು ಓಡಾಡಿದ್ದಕ್ಕೆ ಬುದ್ಧಿಯೇನಾದ್ರೂ ಬಂತಾ ಅಂತ ಹೆಂಡತಿ ರಾತ್ರಿ ವಿಚಾರಿಸಿದ್ಲು.

ಬುದ್ಧಿ ಬಂದಿರಲಿಲ್ಲ ಅನ್ನೋದಕ್ಕೆ ಸಾಕ್ಷಿ ಅವತ್ತೇ ಸಂಜೆ ಸಿಕ್ತು. ಮಿಠಾಯಿ ಅಂಗಡೀಲಿ ಜಲಭರಾ ಸಂದೇಶ್ ಅಂತ ಕೊಟ್ರು, ತಾಟಿನುಂಗಿನ ಆಕಾರದಲ್ಲಿ ಗಟ್ಟಿಯಾಗಿದೆ. ಚಳಿಗಾಲ ಆದ್ರಿಂದ ಖರ್ಜೂರದ ಮರದ ಹೊಸ ಬೆಲ್ಲ, ನೊಲೇನ್ ಗುಡ್ ಅಂತಾರೆ, ಅದರ ಪಾಕ ಒಳಗೆ ತುಂಬಿರ್ತಾರೆ, ಇದು ನನಗೆ ಗೊತ್ತಿಲ್ಲ. ಬಾಯಿ ತುಂಬಾ ಕಚ್ಚಿದೆ. ಪಿಚಕಾರಿ. ಶರ್ಟು, ಕನ್ನಡಕ, ಪಕ್ಕದಲ್ಲಿ ನಿಂತಿದ್ದ ಒಬ್ಬ ದಾದಾನ ಶಾಲು. ಅಂಗಡಿಯವರು ಹೊಟ್ಟೆ ಹಿಡ್ಕೊಂಡು ನಗ್ತಾ ಕಥೆ ಹೇಳಿದ್ರು, ಚಂದನ್‌ನಗರದಲ್ಲಿ ಒಬ್ಬ ಜಮೀನ್ದಾರರ ಮನೆಯವರು ಹೊಸ ಅಳಿಯನನ್ನ ಬೇಸ್ತು ಬೀಳಿಸೋಕೆ ಅಂತಲೇ ಹೇಳಿ ಮಾಡಿಸಿದ ಸಿಹಿಯಂತೆ ಇದು. ಹೆಂಡತಿ ಇದನ್ನ ಅತ್ತೆಗೆ ಕನ್ನಡದಲ್ಲಿ ಹೇಳಿದ್ಲು. ಅತ್ತೆ ಎರಡು ಡಬ್ಬ ಪ್ಯಾಕ್ ಮಾಡಿಸಿದ್ರು.

ಶುಕ್ರವಾರ ಹೊರಡೋದು. ಈ ಸಲ ಜಾಣತನ ತೋರಿಸೋಣ ಅಂತ ಟ್ಯಾಕ್ಸಿ ದಾದಾಗೆ ಸ್ಪಷ್ಟವಾಗಿ "ಬಡೋ ಘೋಡಿ" ಅಂದು, ಸೀದಾ ಗಡಿಯಾರದ ಕೆಳಗೇ ಇಳಿದು ಹೋಗಿ ನಿಂತು, ಮೂರು ಜನರೂ ಸೆಲ್ಫಿ ತಗೊಂಡ್ವಿ. ಆಮೇಲೆ ಬೋರ್ಡ್ ನೋಡಿದ್ರೆ ನಮ್ಮ ಟ್ರೈನ್ ಹೊಸ ಕಾಂಪ್ಲೆಕ್ಸಿಂದ. ಹದಿನಾಲ್ಕು ನಿಮಿಷ ಇತ್ತು. ನಾನು ಎರಡು ಬ್ಯಾಗ್ ಹೊತ್ಕೊಂಡು ಮುಂದೆ ಓಡ್ತಿದೀನಿ, ಹೆಂಡತಿ ಹಿಂದೆ, ಅತ್ತೆ ಎಲ್ಲಕ್ಕಿಂತ ಹಿಂದೆ ಮಿಠಾಯಿ ಡಬ್ಬ ಎದೆಗವಚಿಕೊಂಡು, ಓಡೋ ಲಕ್ಷಣವೇ ಇಲ್ಲ, ಬದಲಿಗೆ ಜನರನ್ನ ಸರಿಸೋಕೆ ಗಟ್ಟಿಯಾಗಿ "ಆಸ್ತೀ ಲೇಡೀಸ್! ಆಸ್ತೀ ಲೇಡೀಸ್!" ಅಂತ ಕೂಗ್ತಾ ಬರ್ತಿದಾರೆ. ನಂಬ್ತೀರೋ ಬಿಡ್ತೀರೋ, ಜನ ಸರಿದು ದಾರಿ ಬಿಟ್ರು. ನಾನು ಎಲ್ಲರಿಗೂ ಡಿಕ್ಕಿ ಹೊಡ್ಕೊಂಡು ಬೋಗಿ ಮುಟ್ಟೋ ಹೊತ್ತಿಗೆ ಅವರಿಬ್ಬರೂ ಆಗಲೇ ಅಲ್ಲಿ ನಿಂತಿದ್ರು.

ಟ್ರೈನ್ ಖರಗ್‌ಪುರ ದಾಟಿದ ಮೇಲೆ ಅತ್ತೆ ಡಬ್ಬ ತೆಗೆದು ಒಂದು ಸಂದೇಶ್ ನನ್ನ ಮುಂದೆ ಹಿಡಿದ್ರು, ಇನ್ನೊಂದು ಕೈಲಿ ಟವೆಲ್ ರೆಡಿ ಇತ್ತು.

"ಅಳಿಯಂದ್ರೇ, ಆಸ್ತೆ" ಅಂದ್ರು.

ಅರ್ಥ ಅವರಿಗೆ ಯಾವಾಗಿಂದ ಗೊತ್ತಿತ್ತೋ, ನಾನು ಕೇಳಲಿಲ್ಲ.